ಗುಡ್ಡ ನಿಂತ ಮೇಲೆ

ಮಳೆಗಾಲದಲ್ಲಿ ಬಾಗಿಲು ಹಿಡಿಯುವುದು ಮಲೆನಾಡಿನಲ್ಲಿ ಸುದ್ದಿಯೇ ಅಲ್ಲ. ಮರ ನೀರು ಕುಡಿದು ಉಬ್ಬುತ್ತದೆ, ಭುಜ ಕೊಟ್ಟು ತಳ್ಳಿದರೆ ಆಯಿತು. ಆದರೆ ಫೆಬ್ರವರಿಯ ಬಿಸಿಲಿನಲ್ಲಿ, ಸೌದೆ ತಾನಾಗಿ ಬಿರಿಯುವ ದಿನಗಳಲ್ಲಿ, ಗೋಣಿಬೀಡಿನ ಆಚೆ ರಂಗನಾಥ ಗೌಡರ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಬಾಗಿಲು ಹಿಡಿದುಕೊಂಡಿತು. ಬಡಗಿ ಬಂದ, ಹೆರೆದ, ಹೋದ. ವಾರ ಕಳೆಯುವುದರೊಳಗೆ ಮತ್ತೆ ಹಿಡಿಯಿತು. ಮತ್ತೆ ಬಂದ ಬಡಗಿ ಈ ಸಲ ಉಳಿ ಮುಟ್ಟಲೇ ಇಲ್ಲ. ಸುಮ್ಮನೆ ನಿಂತು ನೋಡಿದ.

“ಬಾಗ್ಲು ಸರಿ ಇದೆ ಗೌಡ್ರೇ. ಚೌಕಟ್ಟೇ ಓರೆ ಆಗಿದೆ.”

“ನಿನ್ನ ಕಣ್ಣು ಓರೆ ಆಗಿದೆ ಮಾರಾಯ. ನಮ್ಮಪ್ಪ ಕಟ್ಸಿದ ಗೋಡೆ ಅದು. ಹೆರಿ ಸುಮ್ನೆ.”

ಗೌಡರ ಸ್ವಭಾವವೇ ಹಾಗೆ. ಯಾರು ಏನೇ ಹೇಳಲಿ, ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಪೂರ್ತಿ ಅರ್ಥವಾಗಿಬಿಟ್ಟಿರುತ್ತಿತ್ತು. ಮಿಕ್ಕರ್ಧ ಕೇಳುವ ತಾಳ್ಮೆ ಅವರ ಜಾತಕದಲ್ಲೇ ಬರೆದಿರಲಿಲ್ಲ.

ಎಸ್ಟೇಟ್ ಇದ್ದದ್ದು ಒಂದೇ ಗುಡ್ಡದ ಮೈಮೇಲೆ. ಅಡಿಯಲ್ಲಿ ಪಲ್ಪರ್ ಮನೆ, ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರ ಪಕ್ಕ ಆಳುಗಳ ಸಾಲುಮನೆ, ಲೈನು. ಲೈನಿನ ಬೆನ್ನಿಗೆ ಗುಡ್ಡದಿಂದ ಒಂದು ಕರಿ ಬಂಡೆಯ ನೆತ್ತಿ ಇಣುಕುತ್ತಿತ್ತು. ನೆಲದ ಮೇಲೆ ಕಂಡದ್ದು ಎಮ್ಮೆಯ ಬೆನ್ನಿನಷ್ಟು, ಒಳಗೆಷ್ಟಿದೆಯೋ ಯಾರೂ ಅಗೆದು ನೋಡಿದವರಿಲ್ಲ. ಲೈನಿನಿಂದ ಒಂದು ಕೂಗಳತೆ ಎಡಕ್ಕೆ, ಅದೇ ಗುಡ್ಡದ ಬುಡದಲ್ಲಿ, ಗೌಡರ ಮನೆ. ಮೇಲೆ ನೆತ್ತಿಯಲ್ಲಿ ಕೆರೆ. ಕೆರೆ ದೇವರು ಕೊಟ್ಟದ್ದಲ್ಲ, ಗೌಡರು ಯಂತ್ರ ತರಿಸಿ ತೋಡಿಸಿದ್ದು. ರೊಬಸ್ಟಾ ಗಿಡಕ್ಕೆ ಬೇಸಿಗೆಯಲ್ಲಿ ಒಂದು ಹದವಾದ ಹೂಮಳೆ ಬೇಕು. ಅದು ಬಂದರೆ ಫಸಲು, ಬಾರದಿದ್ದರೆ ಮೊಗ್ಗು ಗಿಡದಲ್ಲೇ ಸುಟ್ಟುಹೋಗುತ್ತದೆ. ಆಕಾಶ ನೋಡಿ ನೋಡಿ ಕುತ್ತಿಗೆ ನೋವು ಬಂದಿದ್ದ ಗೌಡರು, ಹಳ್ಳದಿಂದ ನೆತ್ತಿಗೆ ನೀರು ಪಂಪ್ ಮಾಡಿ ಅಲ್ಲಿಂದ ಸ್ಪ್ರಿಂಕ್ಲರ್ ಹಾರಿಸುವ ಏರ್ಪಾಡು ಮಾಡಿಕೊಂಡಿದ್ದರು. ಊರಿನವರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಆ ವರ್ಷ ಕೆರೆಯ ನೀರು ತಾನಾಗಿ ಇಳಿಯತೊಡಗಿತು. ಮೇಸ್ತ್ರಿ ಭೂತಯ್ಯ ಏರಿ ಸುತ್ತಿ ಬಂದು, ಏಡಿ ಬಿಲ ಇರಬೇಕು ಎಂದ. ಏಡಿ ಏರಿ ಕೊರೆಯುವುದು ಈ ಕಡೆ ಎಲ್ಲ ಕೆರೆಗೂ ಬರುವ ಕಾಟ. ಜೇಡಿಮಣ್ಣು ಮೆತ್ತಿದರು. ನೀರು ಇಳಿಯುವುದು ನಿಲ್ಲಲಿಲ್ಲ. ಗೌಡರು ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದು, ಇಳಿದಷ್ಟನ್ನು ಮತ್ತೆ ತುಂಬಿಸಿದರು. ಅಷ್ಟು ನೀರು ಹೋಗುವುದಾದರೂ ಎಲ್ಲಿಗೆ ಎಂದು ಒಬ್ಬರೂ ಕೇಳಿಕೊಳ್ಳಲಿಲ್ಲ. ಹೂವಿನ ಕಾಲದಲ್ಲಿ ಕಾಫಿಯವನಿಗೆ ಗಿಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಆಮೇಲೆ ಕೆರೆಯ ಕೆಳಗಿನ ಸಾಲುಗಳ ನಡುವೆ ನೆಲ ಬಿರಿಯಿತು. ಒಂದು ಗೇಣು ಅಗಲ, ಗುಡ್ಡದ ಅಡ್ಡಕ್ಕೆ. ಕೆಳಗಿನ ಅಂಚು ಮೇಲಿನದಕ್ಕಿಂತ ಒಂದು ಮೆಟ್ಟಿಲು ಇಳಿದಿತ್ತು. ಸ್ಪ್ರಿಂಕ್ಲರ್ ಪೈಪಿನ ಜೋಡಣೆ ಕಿತ್ತುಕೊಂಡಿತ್ತು. ನೆಟ್ಟಗೆ ನಿಂತಿದ್ದ ನೆರಳಿನ ಸಿಲ್ವರ್ ಮರಗಳು ಗುಡ್ಡದ ಕಡೆಗೆ ಒರಗಿದ್ದವು. ಗೌಡರು ಒಬ್ಬರೇ ಹೋಗಿ ಬಗ್ಗಿ ಬಿರುಕಿನೊಳಗೆ ಕೈ ಇಟ್ಟರು. ಹೊರಗೆ ಕೆಂಡದ ಬಿಸಿಲು, ಒಳಗಿಂದ ತಣ್ಣನೆ ಗಾಳಿ. ಅವರಿಗೆ ಹೆದರಿಕೆಯಾಯಿತು. ಎಷ್ಟೆಂದರೆ ಕೈಯನ್ನು ಸರಕ್ಕನೆ ಎಳೆದುಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದರು.

ಆ ಹೆದರಿಕೆಗೆ ಮದ್ದು ಅವರಿಗೆ ಮನೆಯಲ್ಲೇ ಸಿಕ್ಕಿತು. ಮಗಳು ಧನ್ಯಾ ಗೋವಾದಲ್ಲಿದ್ದಳು. ಹಡಗಿನಲ್ಲಿ ಹೋಗಿ, ನೀರಿನೊಳಗೆ ಶಬ್ದ ಬಿಟ್ಟು, ತಿರುಗಿ ಬಂದ ಶಬ್ದದಿಂದ ಸಮುದ್ರದ ತಳದ ಏರುತಗ್ಗುಗಳ ನಕ್ಷೆ ಮಾಡುವವರ ಪೈಕಿ ಅವಳೂ ಒಬ್ಬಳು. ಸುನಾಮಿ ಬಂದು ವರ್ಷ ಕಳೆದಿತ್ತಷ್ಟೆ. ಮೂಡಿಗೆರೆಯಲ್ಲಿ ಯಾರೇ ಸಿಕ್ಕಿ ಸಮುದ್ರದ ಮಾತೆತ್ತಿದರೂ ಗೌಡರು, “ನನ್ನ ಮಗಳನ್ನ ಕೇಳ್ತೀನಿ ತಡೀರಿ,” ಎಂದು ಎದೆ ಉಬ್ಬಿಸುತ್ತಿದ್ದರು. ಸಂಕ್ರಾಂತಿಗೆ ಬಂದಾಗ ಅವಳು ಕಣದಲ್ಲಿ ಕೂತು ಅಪ್ಪನಿಗೆ ತನ್ನ ಕೆಲಸ ತಿಳಿಸಿಕೊಟ್ಟಿದ್ದಳು.

“ಸಮುದ್ರದ ತಳ ಅಂದ್ರೆ ಈ ಕಣದ ಹಾಗೆ ಸಪಾಟು ಅಂದ್ಕೊಂಡಿದೀರ? ಅಲ್ಲೂ ಬಾಬಾಬುಡನ್‌ಗಿರಿಯಂಥ ಬೆಟ್ಟಗಳಿದಾವೆ ಅಪ್ಪ. ಆ ತಳ ವರ್ಷಕ್ಕೆ ಒಂದೆರಡು ಬೆರಳು ಜರುಗ್ತಾ, ಅಂಚಲ್ಲಿ ಇನ್ನೊಂದು ನೆಲದ ಅಡಿಗೆ ನುಗ್ತದೆ. ಬೆಟ್ಟಗಳನ್ನ ಹೊತ್ಕೊಂಡೇ ನುಗ್ತದೆ.” ಅವಳು ಕಣದ ಮೇಲೆ ಒಂದು ಕಲ್ಲಿಟ್ಟು, ಅದರ ಮೇಲೆ ಒದ್ದೆ ಗೋಣಿ ಹಾಸಿ ಎಳೆದಳು. ಗೋಣಿ ಸಲೀಸಾಗಿ ಸರಿಯಿತು, ಕಲ್ಲಿದ್ದಲ್ಲಿ ಸಿಕ್ಕಿಕೊಂಡು ನೆರಿಗೆಯಾಯಿತು. “ಭೂಕಂಪ ಅಂದ್ರೆ ದಡ್ ಅಂತ ನಡುಗೋದು ಮಾತ್ರ ಅಲ್ಲ. ಕೆಲವು ಕಡೆ ಅಷ್ಟೇ ದೂರ ಜಾರೋದು ವಾರಗಟ್ಟಲೆ, ತಿಂಗಳುಗಟ್ಟಲೆ ಆಗ್ತದೆ. ಮೇಲಿದ್ದವರ ಮನೇಲಿ ಒಂದು ಲೋಟ ಕೂಡ ಅಲುಗಲ್ಲ. ಅದು ಎಲ್ಲಿ ಜಾರ್ತದೆ, ಎಲ್ಲಿ ನಿಲ್ತದೆ ಅನ್ನೋದ್ರಲ್ಲಿ ಈ ಬೆಟ್ಟಗಳ ಕೈವಾಡ ಇದೆ. ಒಳಗೆ ಸಿಕ್ಕಿಕೊಂಡ ನೀರಿಂದೂ ಇದೆ.”

“ಹಾಗಾದ್ರೆ ನಿಧಾನಕ್ಕೆ ಆಗೋದ್ರಿಂದ ಕೇಡಿಲ್ಲ.”

“ಜಾರಿದ ಜಾಗಕ್ಕೆ ಅಷ್ಟು ಕೇಡಿಲ್ಲ. ಆದ್ರೆ…”

ಅಷ್ಟರಲ್ಲಿ ಕಾಫಿ ತುಂಬಲು ಲಾರಿ ಬಂತು, ಗೌಡರು ಎದ್ದು ಹೋದರು.

ಈಗ ಬಿರುಕಿನ ಮುಂದೆ ನಿಂತಾಗ ಅವರಿಗೆ ನೆನಪಾದದ್ದು ಆ ಮಾತು. ಮಗಳನ್ನು ಮತ್ತೆ ಕೇಳುವುದೇನಿದೆ? ಅರ್ಥವಾಗಿತ್ತಲ್ಲ. ಅಂದಿನಿಂದ ಕಂಡವರಿಗೆಲ್ಲ ಅದೇ ಪಾಠ. “ಗುಡ್ಡ ಜರುಗ್ತಿದೆ, ಹೌದು. ನಿಧಾನಕ್ಕೆ ಆಗೋದ್ರಿಂದ ಕೇಡಿಲ್ಲ. ಧನ್ಯಾ ಹೇಳಿದಾಳೆ.” ಆಳುಗಳು ತಲೆದೂಗಿದರು. ಓದಿದ ಹುಡುಗಿ, ಸಮುದ್ರದ ತಳವನ್ನೇ ಕಂಡವಳು, ಅವಳಿಗೆ ಒಂದು ಗುಡ್ಡ ಯಾವ ಲೆಕ್ಕ!

ಒಂದು ದಿನ ಭೂತಯ್ಯ ಜಗಲಿಯ ಕೆಳಗೆ ಬಂದು ನಿಂತ. ತಲೆಗೆ ಸುತ್ತಿದ್ದ ಟವೆಲು ಕೈಯಲ್ಲಿತ್ತು.

“ಗೌಡ್ರೇ, ನಮ್ಮ ಮಗಳು ಹೂವಮ್ಮಂಗೆ ತಿಂಗಳು ತುಂಬ್ತಾ ಬಂತು. ಚೊಚ್ಚಲು. ತವರಿಗೆ ಕರ್ಕೊಂಡು ಬರ್ಬೇಕು. ಗಂಡನ ಮನೆಯೋರು ಸಂಸೆಯಲ್ಲೇ ಇಟ್ಕೊಳ್ತೀವಿ ಅಂತಾರೆ, ಇಲ್ಲಿ ಗುಡ್ಡ ಹಿಂಗಿದೆ ಅಂತ. ನೀವು ಒಂದು ಮಾತು ಹೇಳಿದ್ರೆ…”

“ಕರ್ಕೊಂಡು ಬಾರೋ. ನಾನು ಹೇಳ್ತಿದೀನಲ್ಲ. ಏನೂ ಆಗಲ್ಲ.”

ಭೂತಯ್ಯನ ಮುಖ ಅರಳಿತು. ಗೌಡರ ಮಾತು ಅವನಿಗೆ ಸಾಕಿತ್ತು. ಹೂವಮ್ಮ ಬಂದಳು, ಮೂಡಿಗೆರೆ ಆಸ್ಪತ್ರೆಯಲ್ಲಿ ಹೆತ್ತಳು, ಗಂಡು ಕೂಸನ್ನು ಎತ್ತಿಕೊಂಡು ಲೈನಿನ ಕೊನೆಯ ಮನೆಗೆ ಬಂದು ಬಾಣಂತನಕ್ಕೆ ಮಲಗಿದಳು. ಅದೇ, ಕರಿ ಬಂಡೆಗೆ ತೀರ ಒತ್ತಿಕೊಂಡ ಮನೆ.

ಅದೇ ವಾರ ಗುಡ್ಡ ನಿಂತಿತು.

ಪಲ್ಪರ್ ಮನೆಯ ಬಾಗಿಲು ಹಿಡಿಯಲಿಲ್ಲ. ಬಿರುಕು ಬೆಳೆಯಲಿಲ್ಲ. ಹಾಕಿದ ಪೈಪು ಹಾಕಿದಂತೆ ಇತ್ತು. ನೀರು ಕುಡಿದ ರೊಬಸ್ಟಾ ಒಂದೇ ಬೆಳಗ್ಗೆ ಅರಳಿ, ಮೇಲಿನ ತೋಟವೊಂದನ್ನು ಬಿಟ್ಟು ಗುಡ್ಡದ ಮೈತುಂಬ ಬಿಳಿ ಸಾಲುಗಳು ಎದ್ದವು. ಪರಿಮಳಕ್ಕೆ ತಲೆ ಸುತ್ತುವಂತಿತ್ತು. ಗೌಡರು ಎಲ್ಲರಿಗೂ ಪಾಯಸ ಮಾಡಿಸಿ ಹಾಕಿದರು. ಮಡದಿ ತಿಮ್ಮಮ್ಮ ಬಡಿಸುತ್ತ, “ರೀ, ಆ ಬಡಗಿನ ಒಂಚೂರು ಮನೆಗೂ ಕರೀರಿ. ದೇವರ ಕೋಣೆ ಪಕ್ಕದ ಬಾಗ್ಲು ಹೊಸ್ತಿಲಿಗೆ ತಾಗ್ತಿದೆ,” ಎಂದರು.

“ಎಣ್ಣೆ ಹಾಕು,” ಎಂದರು ಗೌಡರು.

ಅದೇ ಮಧ್ಯಾಹ್ನ ಊಟವಾದ ಮೇಲೆ ಅವರು ಗೋವಾಕ್ಕೆ ಫೋನ್ ಹಚ್ಚಿದರು. ಮನೆಯ ಫೋನಿಗೆ ಜಗಲಿಯಲ್ಲೊಂದು ದೊಡ್ಡ ಗಂಟೆ ಕೂಡಿಸಿದ್ದರು, ಕಣದಲ್ಲಿದ್ದರೂ ಕೇಳಲಿ ಎಂದು. ಅದರ ಸದ್ದಿಗೆ ಹಳ್ಳದಾಚೆಯ ರಸ್ತೆಯ ನಾಯಿಗಳೂ ಬೊಗಳುತ್ತಿದ್ದವು. ಮಗಳಿಗೆ ಗೌಡರು ಬಾಗಿಲಿನಿಂದ ಹಿಡಿದು ಪಾಯಸದವರೆಗೆ ಎಲ್ಲದರ ವರದಿ ಒಪ್ಪಿಸಿದರು. “ನೀನು ಹೇಳಿದ್ದು ಅಕ್ಷರಶಃ ನಿಜ ಆಯ್ತು ನೋಡು. ನಿಧಾನಕ್ಕೆ ಜಾರ್ತು, ನಿಂತ್ಕೊಳ್ತು.”





“ಯಾವ ಗುಡ್ಡ ಅಪ್ಪ? ನಮ್ಮ ಗುಡ್ಡವಾ? ಯಾವಾಗಿಂದ?” ಅವಳ ದನಿ ಬದಲಾಗಿತ್ತು. “ಕೆರೆ ನೀರು ಈಗ್ಲೂ ಇಳೀತಿದೆಯಾ?”

“ಇಳೀತದೆ. ಏಡಿ ಕಾಟ.”

“ಪಲ್ಪರ್ ಮನೆ ಹಿಂದೆ ಒಂದು ಒರತೆ ಇತ್ತಲ್ಲ, ಅದರಲ್ಲಿ ನೀರು ಹೆಚ್ಚಾಗಿದೆಯಾ?”

ಗೌಡರು ಯೋಚಿಸಿದರು. “ಇಲ್ಲ. ಹೋದ ವಾರದಿಂದ ಬತ್ತಿದೆ.”

ಹೇಳಿದ ಮೇಲೆ ಅವರಿಗೇ ಆ ಮಾತು ಕೇಳಿಸಿತು. ಮೇಲಿಂದ ನೀರು ಹೋಗುತ್ತಿದೆ. ಕೆಳಗೆ ಬರುತ್ತಿಲ್ಲ. ನಡುವೆ ಇರುವುದು ಗುಡ್ಡ.

“ಅಪ್ಪ, ಸರಿಯಾಗಿ ಕೇಳಿ. ನಾನು ಹೇಳಿದ್ದು ಸಮುದ್ರದ ಮಾತು, ನಮ್ಮ ಗುಡ್ಡಕ್ಕೆ ಅದನ್ನ ಹಾಗೇ ಹಚ್ಚೋದಲ್ಲ. ಅಲ್ಲೂ ಅದು ನಿಂತಾಗಲೇ ನಮಗೆ ಹೆದರಿಕೆ. ನಿಂತ್ರೆ ಭಾರ ಎಲ್ಲೂ ಹೋಗಿರಲ್ಲ, ಎಲ್ಲೋ ಕೂತಿರ್ತದೆ. ಆ ಕರಿ ಬಂಡೆ ಒಳಗೆ ದೊಡ್ಡದಿದ್ರೆ ಮಣ್ಣು ಅದಕ್ಕೆ ಸಿಕ್ಕಿಕೊಂಡು ನಿಂತಿದೆ. ಹಿಂದೆ ನೀರು ತುಂಬ್ತಿದೆ. ಲೈನಲ್ಲಿ ಯಾರೂ ಇರಬಾರದು. ಕೆರೆ ನೀರನ್ನ ಗುಡ್ಡದ ಆಚೆ ಮಗ್ಗುಲಿಗೆ ಬಿಡಿಸಿ. ಈಗ್ಲೇ.”

ಗೌಡರ ಕಣ್ಣ ಮುಂದೆ ಬಂದದ್ದು ಕೊನೆಯ ಮನೆ, ಅದರೊಳಗೆ ಹೂವಮ್ಮ, ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಲ್ಲದ ಕೂಸು. ಕರ್ಕೊಂಡು ಬಾರೋ ಎಂದಿದ್ದು ತನ್ನದೇ ಬಾಯಿ.

“ಇನ್ನೊಂದು ವಿಷ್ಯ ಅಪ್ಪ. ಬಂಡೆ ಹಿಡಿದ ಜಾಗಕ್ಕಿಂತ ಅದರ ಪಕ್ಕ…”

ರಿಸೀವರು ಆಗಲೇ ಫೋನಿನ ಮೇಲೆ ಕೂತಿತ್ತು. ಗೌಡರು ಚಪ್ಪಲಿ ಕೂಡ ಹಾಕದೆ ಅಂಗಳಕ್ಕೆ ಇಳಿದಾಗಿತ್ತು.

ಕಣಕ್ಕೆ ಓಡಿ ಭೂತಯ್ಯನನ್ನು ಕೂಗಿ, ನಾಲ್ಕು ಆಳು ಕರೆದುಕೊಂಡು ಹೋಗಿ ಕೆರೆಯ ಆಚೆ ಏರಿ ಕಡಿಯಲು ಹೇಳಿದರು. ಭೂತಯ್ಯ ಕಿವಿ ನಂಬದವನಂತೆ ನಿಂತ. ಮೇಲಿನ ತೋಟಕ್ಕೆ ಇನ್ನೂ ನೀರು ಹಾರಿಸಿಲ್ಲ, ಅಲ್ಲಿಯ ಮೊಗ್ಗು? “ಸುಡ್ಲಿ ಮೊಗ್ಗು. ಕಡಿ ಹೋಗು!” ಎಂದು ಗೌಡರು ಅರಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿಯೇ ಭೂತಯ್ಯನಿಗೆ ಭಯ ಹತ್ತಿ ಅವನು ಓಡಿದ್ದು.

ಕಣದಿಂದ ಲೈನಿಗೆ ನಾಲ್ಕು ಹೆಜ್ಜೆಯ ದಾರಿ. ಅದು ಮುಗಿಯಲೇ ಇಲ್ಲ. ಎಡಬಲಕ್ಕೆ ಹೂವು, ಜೇನಿನ ಗುಂಯ್‌ಗುಟ್ಟುವಿಕೆ, ಮೇಲೆ ಒಂದು ಮೋಡವೂ ಇಲ್ಲದ ಆಕಾಶ. ಹೆದರಲು ಏನೂ ಇಲ್ಲದ ದಿನ.  ನೆಲ ನಡುಗುತ್ತಿದೆಯೋ ಎಂದು ಗೌಡರು ಒಮ್ಮೆ ನಿಂತು ನೋಡಿದರು. ನೆಲ ಸುಮ್ಮನಿತ್ತು. ಅದು ಸುಮ್ಮನಿದ್ದದ್ದೇ ಅವರಿಗೆ ತಡೆಯಲಾಗಲಿಲ್ಲ.

ಲೈನಿನ ಬೇರೆ ಮನೆಯವರು ಒಂದೇ ಕೂಗಿಗೆ ಮಕ್ಕಳುಮರಿ ಕಟ್ಟಿಕೊಂಡು ಗೌಡರ ಮನೆಯ ಅಂಗಳಕ್ಕೆ ಹೊರಟರು. ಕೊನೆಯ ಮನೆಯ ಬಾಗಿಲಲ್ಲಿ ಭೂತಯ್ಯನ ಹೆಂಡತಿ ಚೆಲುವಿ ಅಡ್ಡ ನಿಂತಳು.

“ಹಸಿ ಬಾಣಂತಿ ಗೌಡ್ರೇ. ಹೆಸರಿಡೋ ಮುಂಚೆ ಹೊಸ್ತಿಲು ದಾಟಿಸೋದುಂಟಾ? ಅದೂ ಈ ಹೂವಿನ ಗಾಳೀಲಿ? ಗುಡ್ಡ ನಿಂತಿದೆ ಅಂತ ನೀವೇ ಬೆಳಗ್ಗೆ ಪಾಯಸ ಹಾಕ್ಸಿದ್ರಿ. ಏನೂ ಆಗಲ್ಲ ಅಂತ ನೀವೇ ಹೇಳಿದ್ರಿ.”

“ನಾನು ಹೇಳಿದ್ದು ತಪ್ಪು ಚೆಲುವಿ.”

ಆ ಮಾತು ಗೌಡರ ಬಾಯಿಂದ ಬಂದದ್ದನ್ನು ಎಸ್ಟೇಟಿನಲ್ಲಿ ಯಾರೂ ಕೇಳಿರಲಿಲ್ಲ. ಚೆಲುವಿ ಅವರ ಬರಿಗಾಲನ್ನು ನೋಡಿದಳು, ಮುಖ ನೋಡಿದಳು.

“ಎಲ್ಲಿಗೆ ಕರ್ಕೊಂಡು ಹೋಗ್ಲಿ? ಬಾಣಂತಿಗೆ ನಾಲ್ಕು ಗೋಡೆ ಬೇಕು, ಗಾಳಿ ಆಡದ ಕೋಣೆ ಬೇಕು.”

“ನಮ್ಮನೆಗೆ. ಒಳಕೋಣೆಗೆ.”

ಲೈನಿನವರು ಯಾರೂ ಜಗಲಿ ದಾಟಿ ಆ ಮನೆಯೊಳಗೆ ಕಾಲಿಟ್ಟವರಲ್ಲ. ಚೆಲುವಿ ಒಳಗೆ ತಿರುಗಿದಳು. ಹೂವಮ್ಮನ ತಲೆಗೆ ಸೀರೆ ಸುತ್ತಿ, ಕಿವಿಗೆ ಹತ್ತಿ ತುರುಕಿ, ಕಂಬಳಿ ಹೊದಿಸಿ ನಡೆಸಿಕೊಂಡು ಹೊರಟಳು. ಕೂಸನ್ನು ಗೌಡರೇ ಎತ್ತಿಕೊಂಡರು. ಹಿಂದೆ ಬಂಡೆ, ಅದರ ಮೇಲೆ ಇಡೀ ಗುಡ್ಡ. ಗೌಡರು ಹಿಂತಿರುಗಿ ನೋಡಲಿಲ್ಲ. ಈಗ, ಈಗ ಎಂದು ಬೆನ್ನು ಕಾಯುತ್ತಿತ್ತು. ಮನೆಯ ಅಂಗಳ ಮುಟ್ಟಿದಾಗ ಅವರಿಗೆ ಉಸಿರು ಬಂತು. ಅಜ್ಜನ ಕಾಲದ ಮನೆ, ಒಂದು ಮೊಳ ದಪ್ಪದ ಕಲ್ಲಿನ ಗೋಡೆ. ಬದುಕಿದೆವು ಎಂದುಕೊಂಡರು.

ಜಗಲಿಯ ಗಂಟೆ ಬಡಿದುಕೊಳ್ಳುತ್ತಿತ್ತು. ತಿಮ್ಮಮ್ಮ ಬಾಗಿಲಿಗೆ ಬಂದು, ಹೂವಮ್ಮನನ್ನು ಕಂಡು ಒಂದು ಗಳಿಗೆ ನಿಂತರು. ಆಮೇಲೆ, “ನಿಂತ್ಕೊಂಡಿದೀರಲ್ಲ, ಒಳಗೆ ಬನ್ನಿ, ಒಳಗೆ ಬನ್ನಿ,” ಎಂದು ಹಾಸಿಗೆ ಬಿಡಿಸಲು ಓಡಿದರು. ಗಂಟೆ ನಿಂತು ಮತ್ತೆ ಶುರುವಾಯಿತು.

“ಧನ್ಯಾನೇ ಇರಬೇಕು, ತೆಗೀರಿ,” ಎಂದು ತಿಮ್ಮಮ್ಮ ಒಳಗಿಂದ ಕೂಗಿದರು.

“ಹೊಡ್ಕೊಳ್ಳಲಿ. ಇವರನ್ನ ಮಲಗಿಸಿ ಮಾತಾಡ್ತೀನಿ.” ಎಲ್ಲ ಅವಳು ಹೇಳಿದಂತೆಯೇ ಮಾಡಿದ್ದಾಯಿತಲ್ಲ, ಇನ್ನೇನು.

ದೇವರ ಕೋಣೆಯ ಪಕ್ಕದ ಕತ್ತಲ ಕೋಣೆಯಲ್ಲಿ ಹೂವಮ್ಮ ಮಲಗಿದಳು. ಗೌಡರು ಕೂಸನ್ನು ಹಿಡಿದು ಹೊಸ್ತಿಲಾಚೆ ನಿಂತಿದ್ದರು. ಗಾಳಿ ಆಡಬಾರದೆಂದು ಚೆಲುವಿ ಬಾಗಿಲು ಎಳೆದಳು. ಬಾಗಿಲು ಮುಕ್ಕಾಲು ಬಂದು ನಿಂತಿತು. ಇನ್ನೊಮ್ಮೆ ಎಳೆದಳು. ಭುಜ ಕೊಟ್ಟಳು.

“ಅಮ್ಮಾ, ಈ ಬಾಗ್ಲು ಹಾಕಕ್ಕೆ ಬರಲ್ವಾ?”

“ಬೆಳಗ್ಗೆ ತಾಗ್ತಿತ್ತು, ಆದ್ರೂ ಬರ್ತಿತ್ತು,” ಎಂದರು ತಿಮ್ಮಮ್ಮ. “ಎಣ್ಣೆನೂ ಹಾಕಿದೀನಿ.”

ಗೌಡರು ಬಾಗಿಲನ್ನಲ್ಲ, ಚೌಕಟ್ಟನ್ನು ನೋಡಿದರು. ಮೇಲಿನ ಮೂಲೆಯಲ್ಲಿ ಒಂದು ಬೆರಳು ತೂರುವಷ್ಟು ಸಂದು. ಕೆಳಗಿನ ಮೂಲೆಯಲ್ಲಿ ಮರ ಮರಕ್ಕೆ ಕಚ್ಚಿಕೊಂಡಿತ್ತು. ಗೋಡೆಯ ಸುಣ್ಣ ಅವರು ನೋಡುತ್ತಿದ್ದಂತೆ ಒಂದು ಚೂರು ಉದುರಿ ನೆಲಕ್ಕೆ ಬಿತ್ತು. ಬಂಡೆ ಹಿಡಿದ ಜಾಗಕ್ಕಿಂತ ಅದರ ಪಕ್ಕ. ಅರ್ಧಕ್ಕೆ ಕತ್ತರಿಸಿ ಬಂದ ಆ ಮಾತಿನ ಮಿಕ್ಕರ್ಧ ಯಾರೂ ಹೇಳದೆಯೇ ಅವರಿಗೆ ತಿಳಿಯಿತು. ಬಂಡೆ ತಡೆದ ಭಾರ ಪಕ್ಕದವನ ಹೆಗಲಿಗೆ ಬರುತ್ತದೆ. ಬಂಡೆಯ ಪಕ್ಕ ಇದ್ದದ್ದು ತನ್ನ ಮನೆ.

“ಹೊರಗೆ!” ಎಂದರು.  “ಹೊರಗೆ! ಎಲ್ಲ ಹೊರಗೆ! ಹಳ್ಳದಾಚೆ!”

ಹೇಗೆ ಹೋದರೋ ಅವರಿಗೆ ಆಮೇಲೆ ನೆನಪಿರಲಿಲ್ಲ. ಚೆಲುವಿ ಮಗಳನ್ನು ಹೆಚ್ಚುಕಡಿಮೆ ಹೊತ್ತೇ ತಂದಳು. ಅಂಗಳದಲ್ಲಿ ಕೂತಿದ್ದ ಲೈನಿನವರು ಗಂಟುಗಳನ್ನು ಅಲ್ಲೇ ಬಿಟ್ಟು ಎದ್ದರು. ಹಳ್ಳದ ಕಾಲುಸಂಕ ದಾಟಿ, ಎದುರು ಏರಿನ ರಸ್ತೆಗೆ ಹತ್ತಿ, ಬಸ್ಸು ನಿಲ್ಲುವ ತಂಗುದಾಣದ ಕಟ್ಟೆಯ ಮೇಲೆ ಹೂವಮ್ಮನನ್ನು ಮಲಗಿಸಿದರು. ಸುತ್ತುಬಳಸಿ ಬಂದ ಭೂತಯ್ಯ ಏದುಸಿರು ಬಿಡುತ್ತ, ಏರಿ ಒಡೆದಿದೆ, ನೀರು ಆಚೆ ಕಾಡಿಗೆ ಹೋಗ್ತಿದೆ ಎಂದ. ಎಲ್ಲರೂ ಇದ್ದರು. ಎದುರಿಗೆ ಗುಡ್ಡ, ಇಳಿಬಿಸಿಲಿನಲ್ಲಿ ಬೆಳ್ಳಗೆ. ಜಗಲಿಯ ಗಂಟೆಯ ಸದ್ದು ಹಳ್ಳ ದಾಟಿ ಕೇಳುತ್ತಲೇ ಇತ್ತು.

“ಅಯ್ಯೋ, ಧನ್ಯಾ ಇನ್ನೂ ಫೋನ್ ಹೊಡೀತಿದಾಳಲ್ಲ,” ಎಂದು ತಿಮ್ಮಮ್ಮ ಅತ್ತರು.

ಮೊದಲು ಸದ್ದೇ ಇರಲಿಲ್ಲ. ಹಗ್ಗ ಹಿಡಿದು ನೇರಕ್ಕೆ ನೆಡಿಸಿದ್ದ ಹೂವಿನ ಸಾಲೊಂದು ಮನೆಯ ಹಿಂದೆ ಬಾಗಿದ ಹಾಗೆ ಕಂಡಿತು. ಕಣ್ಣಿನ ದೋಷವೇನೋ ಎಂದುಕೊಳ್ಳುವಷ್ಟು ಮೆಲ್ಲಗೆ. ಅದರ ಮೇಲಿನ ಸಾಲೂ ಬಾಗಿತು. ಗಿಡಗಳು ನಿಂತ ಹಾಗೆಯೇ, ಹೂ ಮುಡಿದ ಹಾಗೆಯೇ, ಸಾಲು ತಪ್ಪದೆ ಕೆಳಗೆ ನಡೆದು ಬಂದವು. ಹೆಂಚು ಒಂದೊಂದೇ ಜಾರಿದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದಕ್ಕೆ ಹೆಸರಿಲ್ಲ. ಧೂಳು ಎದ್ದು ಮನೆ ಕಾಣದಾಯಿತು. ಗಂಟೆ ನಿಂತಿತು.

ಗೋವಾದಲ್ಲಿ ಮಗಳ ಕಿವಿಯಲ್ಲೂ ಅದು ಈಗಲೇ ನಿಂತಿರಬೇಕು ಎಂದು ಗೌಡರಿಗೆ ಹೊಳೆಯಿತು. ಅವರು ಕೂಸನ್ನು ಎದೆಗೆ ಅಪ್ಪಿಕೊಂಡರು.

ಧೂಳು ತಿಳಿಯಾಗಲು ಬಹಳ ಹೊತ್ತು ಹಿಡಿಯಿತು. ಮನೆಯ ಹಿಂಭಾಗ, ದೇವರ ಕೋಣೆ, ಅದರ ಪಕ್ಕದ ಒಳಕೋಣೆ ಇದ್ದಲ್ಲಿ ಕೆಂಪು ಮಣ್ಣಿನ ರಾಶಿ, ಅದರ ಮೇಲೆ ಅಲ್ಲಲ್ಲಿ ಬಿಳಿ ಹೂವಿನ ಗಿಡ. ಬಲಗಡೆ, ಕರಿ ಬಂಡೆಯ ಮರೆಯಲ್ಲಿ, ಲೈನು ಇದ್ದ ಹಾಗೇ ಇತ್ತು. ಒಂದು ಹೆಂಚೂ ಅಲುಗಿರಲಿಲ್ಲ. ಕೊನೆಯ ಮನೆಯ ಮುಂದೆ ಒಣಗಲು ಹಾಕಿದ್ದ ಬಾಣಂತಿಯ ಬಟ್ಟೆಗಳು ತಂತಿಯ ಮೇಲೆ ಆಡುತ್ತಿದ್ದವು.

ಚೆಲುವಿ ಲೈನನ್ನು ನೋಡಿದಳು. ಮನೆಯಿದ್ದ ಜಾಗವನ್ನು ನೋಡಿದಳು. ಗೌಡರು ಏನೋ ಹೇಳಬೇಕೆಂದು ಬಾಯಿ ತೆರೆದರು. ಅವಳು ಅದಕ್ಕೆ ಕಾಯಲಿಲ್ಲ, ಎರಡೂ ಕೈ ಚಾಚಿದಳು. ಗೌಡರು ಕೂಸನ್ನು ಅವಳ ಕೈಗೆ ಕೊಟ್ಟರು.